ಒಂದೇ ಅಕ್ಷರ: ಚಿನ್ನವೂ ಹೌದು, ಕಳ್ಳಹಣವೂ ಹೌದು

ಪ್ರತಿ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೊ ನಗರದ ಕಿಯೊಮಿಜು ದೇಗುಲದಲ್ಲಿ ಒಂದು ಸಣ್ಣ ಸಮಾರಂಭ ನಡೆಯುತ್ತದೆ. ಅಲ್ಲಿನ ಮುಖ್ಯ ಗುರು ಸೇಹಾನ್ ಮೋರಿ, ಒಂದೂವರೆ ಮೀಟರ್ ಎತ್ತರದ ಕಾಗದದ ಮುಂದೆ ನಿಂತು, ಮಸಿಯಲ್ಲಿ ಅದ್ದಿದ ದಪ್ಪ ಕುಂಚದಿಂದ ಒಂದೇ ಒಂದು ಅಕ್ಷರ ಬರೆಯುತ್ತಾರೆ. ಅದು ಜನರ ಮತದಿಂದ ಆಯ್ಕೆಯಾದ ‘ವರ್ಷದ ಅಕ್ಷರ’. 2025ರಲ್ಲಿ ಬರೆದದ್ದು ‘ಕರಡಿ’. ಊರೊಳಗೆ ನುಗ್ಗಿ ಜನರ ಮೇಲೆರಗಿದ ಕರಡಿಗಳೇ ವರ್ಷವಿಡೀ ಸುದ್ದಿಯಾಗಿದ್ದವು, ಹಾಗಾಗಿ ಯಾರೂ ಅರ್ಥ ಕೇಳಲಿಲ್ಲ. ತಲೆ ಕೆರೆದುಕೊಳ್ಳುವಂತೆ ಮಾಡಿದ್ದು ಅದರ ಹಿಂದಿನ ವರ್ಷ, 2024ರ ಡಿಸೆಂಬರ್ 12ರಂದು ಬರೆದ ಅಕ್ಷರ. ಆ ಸುದ್ದಿಯನ್ನು ಒಬ್ಬರು ‘ಚಿನ್ನ’ ಎಂದು ಅನುವಾದಿಸಿದರೆ ಇನ್ನೊಬ್ಬರು ‘ಹಣ’ ಎಂದರು. ಕಾರಣಗಳ ಪಟ್ಟಿ ನೋಡಿದರೆ ಗೊಂದಲ ಮತ್ತೂ ಹೆಚ್ಚುತ್ತಿತ್ತು. ಒಲಿಂಪಿಕ್ ಪದಕ, ಬೇಸ್‌ಬಾಲ್ ದಾಖಲೆ, ಒಂದು ಹಳೆಯ ಗಣಿ, ರಾಜಕಾರಣಿಗಳ ಲೆಕ್ಕಕ್ಕೆ ಸಿಗದ ದುಡ್ಡು, ದರೋಡೆ ಪ್ರಕರಣಗಳು: ಎಲ್ಲಕ್ಕೂ ಅದೇ ಒಂದು ಅಕ್ಷರ.

ಅಕ್ಷರ ನೋಡಲು ಹೀಗಿದೆ: ಮೇಲೆ ಮನೆಯ ಮಾಡಿನಂತೆ ಎರಡು ಕಡೆ ಇಳಿಜಾರಾದ ಗೆರೆಗಳು. ಒಳಗೆ ಮೂರು ಅಡ್ಡಗೆರೆ, ಅವನ್ನು ಹೊಲಿದಂತೆ ನಡುವೆ ಒಂದು ನಿಲುಗೆರೆ. ತಳದ ಅಡ್ಡಗೆರೆಯ ಮೇಲೆ ಆಚೆಗೊಂದು ಈಚೆಗೊಂದು ಚುಕ್ಕೆ. ಒಟ್ಟು ಎಂಟು ಗೀಟು. ಚೀನಾದಲ್ಲಿ ಇದನ್ನು ‘ಜಿನ್’ ಎನ್ನುತ್ತಾರೆ. ಕೊರಿಯಾದ ‘ಕಿಮ್’ ಮನೆತನದ ಹೆಸರೂ ಇದೇ. ಜಪಾನಿನಲ್ಲಿ ಶುಕ್ರವಾರದ ಗುರುತೂ ಇದೇ.

ಕಿನ್ ಮತ್ತು ಕಾನೆ

ಮೊದಲಿಗೆ ಜಪಾನಿನ ಗೊಂದಲವನ್ನೇ ಬಿಡಿಸೋಣ. ಸುಮಾರು ಸಾವಿರದೈನೂರು ವರ್ಷಗಳ ಹಿಂದೆ ಚೀನಾದಿಂದ ಬರವಣಿಗೆ ತಂದ ಜಪಾನೀಯರು ಅಕ್ಷರದ ಜತೆಗೆ ಅದರ ಚೀನೀ ಉಚ್ಚಾರಣೆಯನ್ನೂ ತಂದರು. ಜತೆಗೆ, ಅದೇ ಅರ್ಥದ ತಮ್ಮದೇ ಪದವನ್ನೂ ಅದೇ ಅಕ್ಷರಕ್ಕೆ ಅಂಟಿಸಿದರು. ಹಾಗಾಗಿ ಒಂದು ಅಕ್ಷರಕ್ಕೆ ಎರಡು ಓದು. ಇದನ್ನು ‘ಕಿನ್’ ಎಂದು ಓದಿದರೆ ಚಿನ್ನ. ಅದು ಚೀನಾದಿಂದ ಬಂದ ಪದ. ‘ಕಾನೆ’ ಎಂದು ಓದಿದರೆ ದುಡ್ಡು; ಅದು ಮನೆಯ ಪದ. ‘ಇದು ಇಲ್ಲ’ ಎಂದು ಕಾಗದದ ಮೇಲೆ ಬರೆದರೆ ಚಿನ್ನವಿಲ್ಲವೋ ಕಾಸಿಲ್ಲವೋ ಎಂಬುದನ್ನು ಓದುವವರೇ ಊಹಿಸಬೇಕು. ಮಾತಿನಲ್ಲಿ ಈ ತೊಂದರೆ ಇಲ್ಲ. ಮೇಲಾಗಿ ದುಡ್ಡಿಗೆ ಜಪಾನೀಯರು ಒಂದು ಗೌರವದ ‘ಒ’ ಸೇರಿಸಿ ‘ಒಕಾನೆ’ ಎನ್ನುತ್ತಾರೆ. ಚಿನ್ನಕ್ಕಿಲ್ಲದ ಮರ್ಯಾದೆ ದುಡ್ಡಿಗೆ!

2024ರ ಆಯ್ಕೆಯ ಹಿಂದೆ ಇದ್ದದ್ದು ಈ ಜೋಡಿ ಓದು. ಸ್ಪರ್ಧೆ ನಡೆಸುವ ಜಪಾನಿನ ಕಾಂಜಿ (ಚೀನೀ ಮೂಲದ ಅಕ್ಷರ) ಪರೀಕ್ಷಾ ಪ್ರತಿಷ್ಠಾನವೇ ಇದನ್ನು ‘ಬೆಳಕು’ ಮತ್ತು ‘ನೆರಳು’ ಎಂದು ವಿಂಗಡಿಸಿ ವಿವರಿಸಿತು. ಬೆಳಕಿನ ಕಡೆ ‘ಕಿನ್’: ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬಂದ 20 ಚಿನ್ನ, ಶೋಹೆಇ ಒಹ್ತಾನಿಯ ಬೇಸ್‌ಬಾಲ್ ದಾಖಲೆ, ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸಾದೊ ಚಿನ್ನದ ಗಣಿ. ನೆರಳಿನ ಕಡೆ ‘ಕಾನೆ’: ಆಳುವ ಲಿಬರಲ್ ಡೆಮಾಕ್ರಟಿಕ್ ಪಕ್ಷದ ಬಣಗಳು ನಿಧಿ ಸಂಗ್ರಹದ ಟಿಕೆಟ್ ಹಣವನ್ನು ಲೆಕ್ಕಕ್ಕೆ ತೋರಿಸದೆ ಇಟ್ಟುಕೊಂಡ ಹಗರಣ, ಮತ್ತು ಸಾಮಾಜಿಕ ಜಾಲತಾಣದಲ್ಲಿ ‘ಸುಲಭದ ದುಡ್ಡು’ ಎಂದು ಹುಡುಗರನ್ನು ಸೆಳೆದು ಕಳ್ಳತನ-ದರೋಡೆಗೆ ಬಿಡುವ ಜಾಲಗಳು. ಲೆಕ್ಕ ತಪ್ಪಿಸಿದ ಆ ದುಡ್ಡಿಗೆ ಜಪಾನಿ ಪತ್ರಿಕೆಗಳ ಪದ ‘ಉರಾಗಾನೆ’, ಅಂದರೆ ಹಿಂಬದಿಯ ಕಾನೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಳುವ ಮೈತ್ರಿಕೂಟ ಕೆಳಮನೆಯಲ್ಲಿ ಬಹುಮತ ಕಳೆದುಕೊಳ್ಳಲು ಈ ಹಿಂಬದಿಯ ದುಡ್ಡೇ ದೊಡ್ಡ ಕಾರಣ.

ಅಂದರೆ ಅನುವಾದಕರು ತಪ್ಪಿದರು ಎನ್ನುವಂತಿಲ್ಲ. ಮತ ಬಿದ್ದದ್ದು ಅಕ್ಷರಕ್ಕೆ, ಪದಕ್ಕಲ್ಲ. ಅಕ್ಷರವನ್ನು ಬೇರೆ ಭಾಷೆಗೆ ತರಬೇಕಾದರೆ ಯಾವುದಾದರೂ ಒಂದು ಪದ ಆರಿಸಲೇಬೇಕು, ಆರಿಸಿದ ಕೂಡಲೇ ಸುದ್ದಿಯ ಅರ್ಧ ಕೈಬಿಟ್ಟುಹೋಗುತ್ತದೆ.

ರಾಜ ಕೊಟ್ಟ ‘ಚಿನ್ನ’ದಿಂದ ಕಂಚಿನ ಪಾತ್ರೆ

ಹಾಗಾದರೆ ಈ ಅಕ್ಷರದ ಮೂಲ ಅರ್ಥ ಚಿನ್ನವೋ ಹಣವೋ? ಎರಡೂ ಅಲ್ಲ. ಇದಕ್ಕೆ ಸಾಕ್ಷಿ ಬೀಜಿಂಗ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ, ಒಂದಡಿಗೂ ಕಡಿಮೆ ಎತ್ತರದ ಒಂದು ಪಾತ್ರೆ. 1976ರಲ್ಲಿ ಶಾನ್‌ಷಿ ಪ್ರಾಂತ್ಯದ ಲಿನ್‌ತೊಂಗ್‌ನಲ್ಲಿ ನೆಲದಡಿ ಸಿಕ್ಕಿದ ಇದರ ಒಳತಳದಲ್ಲಿ ಮೂವತ್ತಕ್ಕೂ ಮಿಕ್ಕಿದ ಅಕ್ಷರಗಳ ಬರಹವಿದೆ. ಜೌ ವಂಶದ ವೂ ರಾಜ ಶಾಂಗ್ ರಾಜ್ಯವನ್ನು ಗೆದ್ದದ್ದು, ಕೆಲವು ದಿನಗಳ ಬಳಿಕ ಲೀ ಎಂಬ ಅಧಿಕಾರಿಗೆ ‘ಜಿನ್’ ಕೊಟ್ಟದ್ದು, ಆತ ಅದನ್ನು ಬಳಸಿ ಹಿರಿಯರ ಪೂಜೆಗೆ ಈ ಪಾತ್ರೆ ಮಾಡಿಸಿದ್ದು: ಇಷ್ಟೇ ಒಕ್ಕಣೆ. ಇವತ್ತಿಗೆ ಮೂರು ಸಾವಿರ ವರ್ಷಗಳಷ್ಟು ಹಿಂದಿನ ಮಾತು.

ಪಾತ್ರೆ ಕಂಚಿನದು. ರಾಜ ಕೊಟ್ಟ ‘ಜಿನ್’ನಿಂದಲೇ ಮಾಡಿಸಿದೆ ಎಂದು ಪಾತ್ರೆಯೇ ಹೇಳುತ್ತಿರುವಾಗ, ‘ಜಿನ್’ ಎಂದರೆ ಆಗ ಕಂಚು ಅಥವಾ ಅದಕ್ಕೆ ಬೇಕಾದ ತಾಮ್ರದ ಗಟ್ಟಿ ಎನ್ನದೆ ಬೇರೆ ದಾರಿಯಿಲ್ಲ. ಆ ಕಾಲದಲ್ಲಿ ಶಸ್ತ್ರ, ಪೂಜಾಪಾತ್ರೆ, ಅಧಿಕಾರದ ಗುರುತು ಎಲ್ಲವೂ ಕಂಚು. ಬೆಲೆಬಾಳುವ ಲೋಹ ಯಾವುದೋ ಅದಕ್ಕೆ ಆ ಹೆಸರು. ಮುಂದೆ ಬೆಲೆಯ ಪಟ್ಟ ಚಿನ್ನಕ್ಕೆ ಹೋಯಿತು, ಅಕ್ಷರ ಅದರ ಹಿಂದೆ ನಡೆಯಿತು. ಬೆಲೆ ಅಳೆಯುವುದೇ ಲೋಹದಿಂದ ಎಂದಾದ ಮೇಲೆ ಹಣವೂ ಅದರೊಳಗೆ ಬಂತು.

ಅಕ್ಷರದ ರೂಪದ ಬಗ್ಗೆ ಮಾತ್ರ ವಾದ ಮುಗಿದಿಲ್ಲ. ಮಾಡಿನ ಕೆಳಗೆ ರಾಜ, ಅವನ ಇಬ್ಬದಿಯಲ್ಲಿ ಎರಡು ಚಿನ್ನದ ತುಂಡು ಎಂಬ ಕಥೆ ಮಕ್ಕಳಿಗೆ ನೆನಪಿರಲಿ ಎಂದು ಹೇಳುವಂಥದ್ದು, ಚರಿತ್ರೆಯಲ್ಲ. ಕ್ರಿ.ಶ. 100ರ ಸುಮಾರಿಗೆ ಮೊದಲ ಅಕ್ಷರಕೋಶ ಬರೆದ ಷು ಷೆನ್, ಕೆಳಗಿನದು ‘ಮಣ್ಣು’, ಚುಕ್ಕೆಗಳು ಮಣ್ಣೊಳಗಿನ ಲೋಹ, ಮೇಲಿನ ಭಾಗ ಬರೀ ಉಚ್ಚಾರಣೆಯ ಗುರುತು ಎಂದ. ಕಂಚಿನ ಬರಹಗಳನ್ನು ಅವನಿಗಿಂತ ಹೆಚ್ಚು ನೋಡಿರುವ ಇಂದಿನ ವಿದ್ವಾಂಸರಲ್ಲಿ ಹಲವರು ಉಚ್ಚಾರಣೆಯ ಮಾತನ್ನು ಒಪ್ಪುತ್ತಾರೆ. ಕೆಳಭಾಗ ಮಣ್ಣಲ್ಲ, ಕೊಡಲಿಯ ಅಲಗು. ಚುಕ್ಕೆಗಳು ಎರಕದ ಗಟ್ಟಿಗಳು ಎನ್ನುತ್ತಾರೆ. ಕಂಚು ಎಂಬ ಅರ್ಥಕ್ಕೆ ಕೊಡಲಿ, ಎರಕದ ಗಟ್ಟಿ ಚೆನ್ನಾಗಿಯೇ ಹೊಂದುತ್ತವೆ.

ಕಪ್ಪು ಹೊನ್ನು

ಷು ಷೆನ್ ಇನ್ನೊಂದು ಮಾತು ಹೇಳಿದ್ದಾನೆ. ‘ಜಿನ್’ ಐದು ಬಣ್ಣದ್ದು, ಅವುಗಳಲ್ಲಿ ಹಳದಿಯೇ ಹಿರಿಯದು. ಹಳದಿ ಜಿನ್ ಚಿನ್ನ, ಬಿಳಿ ಜಿನ್ ಬೆಳ್ಳಿ, ಕೆಂಪು ಜಿನ್ ತಾಮ್ರ, ನೀಲಿ ಜಿನ್ ಸೀಸ, ಕಪ್ಪು ಜಿನ್ ಕಬ್ಬಿಣ.

ಜಪಾನಿನ ಹಳೆಯ ದೇಸಿ ಪದಗಳೂ ಇದೇ ಅಚ್ಚಿನಲ್ಲಿವೆ. ‘ಕಾನೆ’ಗೆ ಮೊದಲಿದ್ದ ಅರ್ಥ ಲೋಹ. ಚಿನ್ನ ‘ಕೊಗಾನೆ’, ಹಳದಿ ಲೋಹ. ಬೆಳ್ಳಿ ‘ಶಿರೊಗಾನೆ’, ಬಿಳಿ ಲೋಹ. ತಾಮ್ರ ‘ಅಕಾಗಾನೆ’, ಕೆಂಪು ಲೋಹ. ಕಬ್ಬಿಣ ‘ಕುರೊಗಾನೆ’, ಕಪ್ಪು ಲೋಹ.

ಇಷ್ಟು ಓದುವಾಗ ಕನ್ನಡಿಗರಿಗೆ ಏನೋ ಹೊಳೆಯಬೇಕು. ನಮ್ಮ ‘ಕಬ್ಬಿಣ’ವನ್ನು ಭಾಷಾವಿದ್ವಾಂಸರು ಬಿಡಿಸುವುದು ‘ಕರ್’ ಮತ್ತು ‘ಪೊನ್’ ಎಂದೇ: ಕರಿಯ ಹೊನ್ನು. ‘ಬೆಳ್ಳಿ’ಯಲ್ಲಿ ಇರುವುದು ‘ಬೆಳ್’, ಬಿಳುಪು. ಯಾರೂ ಯಾರಿಂದಲೂ ಕಲಿತದ್ದಲ್ಲ ಇದು. ಲೋಹಕ್ಕೆ ಒಂದೇ ಪದವಿದ್ದಾಗ ಹೊಸ ಲೋಹ ಬಂದರೆ ಬಣ್ಣ ಹಚ್ಚಿ ಹೆಸರಿಡುವುದೇ ಸುಲಭ. ಲೋಹದಿಂದ ಹಣಕ್ಕೆ ಜಾರುವ ದಾರಿಯೂ ನಮಗೆ ಹೊಸದಲ್ಲ. ಹೊನ್ನು ಚಿನ್ನವೂ ಆಗಿತ್ತು, ಒಂದು ನಾಣ್ಯದ ಹೆಸರೂ ಆಗಿತ್ತು. ಇವತ್ತು ನೋಟು, ಯುಪಿಐ ಎಲ್ಲಕ್ಕೂ ಹೇಳುವ ‘ಹಣ’ ವಿಜಯನಗರದ ಕಾಲದಲ್ಲಿ ಒಂದು ಪುಟ್ಟ ಚಿನ್ನದ ನಾಣ್ಯ. ನಮಗೂ ಜಪಾನೀಯರಿಗೂ ಇರುವ ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಪದಗಳು ಬೇರೆಯಾಗಿ ಹಳೆಯ ನಂಟು ಮರೆತುಹೋಯಿತು, ಅವರಲ್ಲಿ ಅಕ್ಷರ ಒಂದೇ ಉಳಿದು ನಂಟು ಕಣ್ಣೆದುರಿಗೇ ಇದೆ.

ಅಂದಹಾಗೆ, ‘ಕಪ್ಪು ಜಿನ್’ ತೈವಾನಿನಲ್ಲಿ ಇವತ್ತೂ ಬಳಕೆಯಲ್ಲಿದೆ. ಅಲ್ಲಿ ಅದರ ಅರ್ಥ ಕಬ್ಬಿಣವಲ್ಲ. ರೌಡಿಗಳು ಮತ್ತು ದುಡ್ಡು ಸೇರಿ ನಡೆಸುವ ರಾಜಕೀಯ.

ಕಿಮ್ ಹೇಗೆ ಜಿನ್ ಆಯಿತು

ಉಚ್ಚಾರಣೆಗಳ ಪಟ್ಟಿ ಮೊದಲ ನೋಟಕ್ಕೆ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ಬೀಜಿಂಗ್‌ನಲ್ಲಿ ಜಿನ್, ಹಾಂಗ್‌ಕಾಂಗ್‌ನಲ್ಲಿ ಗಮ್, ವಿಯೆಟ್ನಾಂನಲ್ಲಿ ಕಿಮ್, ಜಪಾನಿನಲ್ಲಿ ಕಿನ್, ಕೊರಿಯಾದಲ್ಲಿ ಕಿಮ್ ಮತ್ತು ಗುಮ್. ಆದರೆ ಇವೆಲ್ಲ ಒಂದೇ ಮನೆಯವು. ತಾಂಗ್ ವಂಶದ ಕಾಲದ (7ರಿಂದ 10ನೇ ಶತಮಾನ) ಹೊತ್ತಿಗೆ ಚೀನಾದಲ್ಲೇ ಇದರ ಉಚ್ಚಾರಣೆ ಹೆಚ್ಚುಕಡಿಮೆ ‘ಕಿಮ್’. ದಕ್ಷಿಣದವರೂ ನೆರೆಯವರೂ ಅದನ್ನು ಬಹುಮಟ್ಟಿಗೆ ಕಾಪಿಟ್ಟರು. ಹೆಚ್ಚು ಬದಲಾದದ್ದು ಉತ್ತರದ ಚೀನೀ: ಕೊನೆಯ ಮಕಾರ ನಕಾರವಾಯಿತು, ಇಕಾರದ ಹಿಂದಿದ್ದ ಕಕಾರ ತಾಲವ್ಯದ ಕಡೆ ಸರಿದು ಜಕಾರವಾಯಿತು. ಪೀಕಿಂಗ್ ಎಂಬ ಹಳೆಯ ಹೆಸರಿನ ‘ಕಿ’ ಇಂದಿನ ಬೀಜಿಂಗ್‌ನಲ್ಲಿ ‘ಜಿ’ ಆಗಿರುವುದಕ್ಕೂ ಇದೇ ಕಾರಣ. ಕನ್ನಡದ ‘ಕಿವಿ’ ತಮಿಳಿನಲ್ಲಿ ‘ಚೆವಿ’ ಆದ ಹಾಗೆ. ಆ ಲೆಕ್ಕದಲ್ಲಿ ಕೊರಿಯನ್ನರು ನಮ್ಮ ಕಡೆಯವರು, ಬೀಜಿಂಗ್‌ನವರು ಮದ್ರಾಸಿನವರು!

ಕೊರಿಯಾದ ‘ಗುಮ್’ ಬಗ್ಗೆ ಒಂದು ಮಾತು. ಅಲ್ಲಿನ ಸ್ವರ ನಮ್ಮ ಉಕಾರ ಅಲ್ಲ, ತುಳುವಿನ ಪದಗಳ ಕೊನೆಯಲ್ಲಿ ತುಟಿ ದುಂಡಗಾಗದೆ ಬರುತ್ತದಲ್ಲ, ಆ ಅರೆ ಉಕಾರ. ಚಿನ್ನ, ಮೊತ್ತ, ಶುಕ್ರವಾರ ಎಲ್ಲಕ್ಕೂ ಕೊರಿಯನ್ನರು ‘ಗುಮ್’ ಎನ್ನುತ್ತಾರೆ. ತೆರಿಗೆ, ದಂಡ, ಕಾಲೇಜು ಶುಲ್ಕ ಎಂಬ ಪದಗಳ ಬಾಲದಲ್ಲೆಲ್ಲ ಇದೇ ‘ಗುಮ್’. 2024ರ ವಸಂತದಲ್ಲಿ ಸೇಬಿನ ಬೆಲೆ ಗಗನಕ್ಕೇರಿದಾಗ ಪತ್ರಿಕೆಗಳು ‘ಗುಮ್‌ಸಾಗ್ವಾ’, ಅಂದರೆ ಚಿನ್ನದ ಸೇಬು, ಎಂದು ತಲೆಬರಹ ಕೊಟ್ಟವು. ಅದೇ ಅಕ್ಷರ ಮನೆತನದ ಹೆಸರಾದಾಗ ಮಾತ್ರ ‘ಕಿಮ್’.

ಯಾಕೆ ಹೀಗೆ? ಜನರ ಬಾಯಲ್ಲಿರುವ ಕಥೆ ರಂಜಕವಾಗಿದೆ. 1392ರಲ್ಲಿ ಜೊಸನ್ ವಂಶ ಕಟ್ಟಿದ ರಾಜರು ಯೀ ಮನೆತನದವರು. ಅವರ ಹೆಸರಿನ ಅಕ್ಷರದಲ್ಲಿ ‘ಮರ’ ಇದೆ. ಚೀನೀಯರ ಪಂಚಧಾತುಗಳ (ಮರ, ಬೆಂಕಿ, ಮಣ್ಣು, ಲೋಹ, ನೀರು) ಲೆಕ್ಕದಲ್ಲಿ ಲೋಹ ಮರವನ್ನು ಕಡಿಯುತ್ತದೆ. ಆದ್ದರಿಂದ ಲೋಹದ ಮನೆತನದವರು ‘ಗುಮ್’ ಎನ್ನದೆ ‘ಕಿಮ್’ ಎನ್ನಬೇಕೆಂದು ಅಪ್ಪಣೆಯಾಯಿತಂತೆ. ಇನ್ನೊಂದು ವಾದ ಇಷ್ಟು ರುಚಿಕಟ್ಟಾಗಿಲ್ಲ, ಆದರೆ ನಂಬಲರ್ಹ: ಎರಡು ಓದುಗಳು ಚೀನೀ ಭಾಷೆಯ ಎರಡು ಕಾಲದ, ಎರಡು ಸೀಮೆಯ ಉಚ್ಚಾರಣೆಗಳಿಂದ ಬಂದವು, ಒಂದು ಸಾಮಾನ್ಯ ಪದಗಳಲ್ಲಿ ನಿಂತಿತು, ಇನ್ನೊಂದು ಹೆಸರುಗಳಲ್ಲಿ ನಿಂತಿತು. ಕಿಮ್‌ಪೊ, ಕಿಮ್‌ಹೆ ಎಂಬ ಊರುಗಳ ಹೆಸರಲ್ಲೂ ‘ಕಿಮ್’ ಉಳಿದಿರುವುದನ್ನು ಇದು ವಿವರಿಸುತ್ತದೆ. ರಾಜಾಜ್ಞೆಯ ಕಥೆ ಊರಿನ ಹೆಸರುಗಳ ಎದುರು ಮುಗ್ಗರಿಸುತ್ತದೆ.

2015ರ ಜನಗಣತಿಯ ಪ್ರಕಾರ ದಕ್ಷಿಣ ಕೊರಿಯಾದಲ್ಲಿ ಒಂದು ಕೋಟಿಗೂ ಹೆಚ್ಚು ಕಿಮ್‌ಗಳಿದ್ದಾರೆ, ಐವರಲ್ಲಿ ಒಬ್ಬರು. ಅವರ ದೊಡ್ಡ ಕವಲು ಕಿಮ್‌ಹೆಯದು. ಅದರ ಮೂಲಪುರುಷ ಸೂರೊ ರಾಜ ಚಿನ್ನದ ಮೊಟ್ಟೆಯಿಂದ ಹುಟ್ಟಿದನೆಂದೂ, ‘ಅಯುತ’ ಎಂಬ ನಾಡಿನಿಂದ ಹಡಗಿನಲ್ಲಿ ಬಂದ ರಾಜಕುಮಾರಿಯನ್ನು ಮದುವೆಯಾದನೆಂದೂ 13ನೇ ಶತಮಾನದ ಗ್ರಂಥವೊಂದರಲ್ಲಿ ಐತಿಹ್ಯವಿದೆ. ಆ ‘ಅಯುತ’ವೇ ಅಯೋಧ್ಯೆ ಎಂದು ನಂಬಿ ಅಲ್ಲಿ ಸ್ಮಾರಕ ಕಟ್ಟಿದ್ದಾರೆ. ಇತಿಹಾಸಕಾರರು ಇದನ್ನು ಸಾಬೀತಾದ ಸಂಗತಿ ಎಂದು ಒಪ್ಪುವುದಿಲ್ಲ.

ಉತ್ತರ ಕೊರಿಯಾ 1940ರ ದಶಕದ ಕೊನೆಯಲ್ಲೇ ಚೀನೀ ಅಕ್ಷರ ಕೈಬಿಟ್ಟಿತು. ದಕ್ಷಿಣದ ಪತ್ರಿಕೆಗಳೂ ಬರಬರುತ್ತಾ ಪೂರ್ತಿ ಕೊರಿಯಾದ ಸ್ವಂತ ಲಿಪಿಯಾದ ಹಂಗುಲ್‌ಗೆ ಬಂದವು. ‘ಕಿಮ್’ ಎಂದು ಹಂಗುಲ್‌ನಲ್ಲಿ ಬರೆಯುವ ಇಂದಿನ ಹುಡುಗಿಗೆ ತನ್ನ ಹೆಸರಿನಲ್ಲಿ ಚಿನ್ನ ಕಾಣುವುದಿಲ್ಲ. ಜಪಾನೀಯರಿಗೆ ಕಾಣುತ್ತದೆ! 2000ನೇ ವರ್ಷದಲ್ಲೂ ಇದೇ ಅಕ್ಷರ ಗೆದ್ದಾಗ ಕೊಟ್ಟ ಕಾರಣಗಳಲ್ಲಿ ಸಿಡ್ನಿಯ ಚಿನ್ನದ ಪದಕಗಳ ಜತೆ, ದಕ್ಷಿಣ ಕೊರಿಯಾದ ಅಧ್ಯಕ್ಷ ಕಿಮ್ ದೆ-ಜುಂಗ್ ಮತ್ತು ಉತ್ತರ ಕೊರಿಯಾದ ನಾಯಕ ಕಿಮ್ ಜಾಂಗ್-ಇಲ್ ಪ್ಯಾಂಗ್‌ಯಾಂಗ್‌ನಲ್ಲಿ ಭೇಟಿಯಾದದ್ದೂ ಇತ್ತು. ಇಬ್ಬರು ಕಿಮ್, ಎರಡು ‘ಚಿನ್ನ’. ಆ ವರ್ಷ 107ರ ವಯಸ್ಸಿನಲ್ಲಿ ತೀರಿಕೊಂಡ, ಅವಳಿ ಅಜ್ಜಿಯರಾದ ಕಿನ್-ಗಿನ್ ಜೋಡಿಯ ಕಿನ್ ಅಜ್ಜಿಯೂ ಆ ಪಟ್ಟಿಯಲ್ಲಿದ್ದರು.

ಉಳಿದ ಎರಡು ದೇಶಗಳಲ್ಲಿ

ಚೀನಾದಲ್ಲಿ ಈ ಅಕ್ಷರ ಒಂಟಿಯಾಗಿ ಓಡಾಡುವುದು ಕಡಿಮೆ. ಚಿನ್ನವನ್ನು ‘ಹುವಾಂಗ್‌ಜಿನ್’, ಹಳದಿ ಜಿನ್, ಎನ್ನುತ್ತಾರೆ. ದುಡ್ಡಿಗೆ ಬೇರೆಯೇ ಪದ ‘ಛಿಯೆನ್’, ಆದರೆ ಅದರ ಎಡಭಾಗದಲ್ಲಿ ಈ ಅಕ್ಷರ ಅಂಗವಾಗಿ ಕೂತಿದೆ. ಬೆಳ್ಳಿ, ತಾಮ್ರ, ಕಬ್ಬಿಣ, ಯುರೇನಿಯಂ ಎಲ್ಲದರ ಎಡಕ್ಕೂ ಅದೇ. ಚೀನೀ ಆವರ್ತ ಕೋಷ್ಟಕದಲ್ಲಿ ಲೋಹ ಯಾವುದೆಂದು ಗುರುತಿಸಲು ರಸಾಯನಶಾಸ್ತ್ರ ಗೊತ್ತಿರಬೇಕಿಲ್ಲ. ಪಾದರಸವೊಂದೇ ನೀರಿನ ಗುರುತು ಹೊತ್ತು ಹೊರಗುಳಿದಿದೆ. ಜಪಾನಿನ ಹೆಸರು ಹೊತ್ತ 113ನೇ ಧಾತು ನಿಹೋನಿಯಂಗೆ 2017ರಲ್ಲಿ ಚೀನಾ ಅಕ್ಷರ ಕೊಟ್ಟಾಗಲೂ ಎಡಕ್ಕೆ ಇದನ್ನೇ ಇಟ್ಟರು. ಕಂಚಿನ ಕಾಲದ ‘ಲೋಹ’ ಎಂಬ ಅರ್ಥ ಹೆಚ್ಚು ಗಟ್ಟಿಯಾಗಿ ಉಳಿದಿರುವುದು ಇಲ್ಲಿ.

ವಿಯೆಟ್ನಾಂ ಲ್ಯಾಟಿನ್ ಲಿಪಿಗೆ ಹೋಗಿ ನೂರು ವರ್ಷ ದಾಟಿದೆ. ಚಿನ್ನಕ್ಕೆ ಅಲ್ಲಿ ‘ವಾಂಗ್’, ಅದೇ ಪದ ಹಳದಿಗೂ. ‘ಕಿಮ್’ ಸಮಾಸಗಳಲ್ಲಿ, ಹೆಣ್ಣುಮಕ್ಕಳ ಹೆಸರುಗಳಲ್ಲಿ ಸೇರಿಕೊಂಡಿದೆ. ವಜ್ರಕ್ಕೆ ಅವರು ಹೇಳುವುದು ‘ಕಿಮ್ ಕುಯಾಂಗ್’. ಈ ಪದದ ಹಿಂದೆ ನಮ್ಮವರೇ ಇದ್ದಾರೆ.

ಶುಕ್ರವಾರದ ದಾರಿ

ಬೌದ್ಧ ಗ್ರಂಥಗಳು ಚೀನೀ ಭಾಷೆಗೆ ಹೋದಾಗ ‘ವಜ್ರ’ಕ್ಕೆ ‘ಜಿನ್‌ಗಾಂಗ್’ ಎಂದರು, ಲೋಹಗಳಲ್ಲಿ ಅತಿ ಗಟ್ಟಿಯಾದದ್ದು ಎಂಬ ಭಾವದಲ್ಲಿ. ವಜ್ರಚ್ಛೇದಿಕಾ ಸೂತ್ರ ‘ಜಿನ್‌ಗಾಂಗ್’ ಸೂತ್ರವಾಯಿತು. ವಾಯವ್ಯ ಚೀನಾದ ಡುನ್‌ಹುವಾಂಗ್‌ನಲ್ಲಿ ಸಿಕ್ಕಿದ, ಕ್ರಿ.ಶ. 868ರ ಅದರ ಪ್ರತಿ ಇಸವಿ ನಮೂದಾಗಿರುವ ಮುದ್ರಿತ ಪುಸ್ತಕಗಳಲ್ಲೇ ಹಳೆಯದು. ಉತ್ತರ ಕೊರಿಯಾದ ಕುಮ್‌ಗಾಂಗ್ ಪರ್ವತದ ಹೆಸರಿನಲ್ಲಿರುವುದೂ ವಜ್ರವೇ. ತಾಂಗ್ ರಾಜಧಾನಿಯಲ್ಲಿದ್ದ ಅಮೋಘವಜ್ರ ಎಂಬ ಆಚಾರ್ಯನ ಚೀನೀ ಹೆಸರಿನಲ್ಲೂ ‘ಜಿನ್‌ಗಾಂಗ್’ ಇದೆ.

8ನೇ ಶತಮಾನದ ನಡುವಿನಲ್ಲಿ ಇದೇ ಅಮೋಘವಜ್ರ ಭಾರತದ ನಕ್ಷತ್ರ-ವಾರಗಳ ಶಾಸ್ತ್ರವನ್ನು ಚೀನೀ ಭಾಷೆಗೆ ತಂದ. ಚೀನೀಯರು ಶುಕ್ರಗ್ರಹವನ್ನು ಲೋಹಧಾತುವಿಗೆ ಸೇರಿಸಿ ‘ಜಿನ್’ ತಾರೆ ಎನ್ನುತ್ತಿದ್ದರು. ಶುಕ್ರನ ವಾರ ಹಾಗಾಗಿ ಜಿನ್ ವಾರ. 806ರಲ್ಲಿ ಕೂಕಾಯ್ ಎಂಬ ಭಿಕ್ಷು ಆ ಗ್ರಂಥವನ್ನು ಜಪಾನಿಗೆ ಒಯ್ದ. ಚೀನೀಯರು ಈಗ ವಾರಗಳನ್ನು ಒಂದು, ಎರಡು ಎಂದು ಎಣಿಸುತ್ತಾರೆ. ಜಪಾನ್ ಮತ್ತು ಕೊರಿಯಾ ಗ್ರಹಗಳ ಹೆಸರನ್ನು ಉಳಿಸಿಕೊಂಡಿವೆ. ಜಪಾನಿನ ಕ್ಯಾಲೆಂಡರಿನಲ್ಲಿ ಕಾಣುವ ಈ ಅಕ್ಷರ ನಮ್ಮ ಶುಕ್ರವಾರದ್ದೇ ದೂರದ ನೆಂಟ. ನಾವು ಶುಕ್ರವಾರ ಲಕ್ಷ್ಮಿಯನ್ನು ಪೂಜಿಸುವುದಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬಾರದು, ಅದು ಕಾಕತಾಳೀಯ. 2025ರಲ್ಲಿ ‘ಕರಡಿ’ಯನ್ನು ಬರೆದ ಡಿಸೆಂಬರ್ 12 ಶುಕ್ರವಾರವಾಗಿತ್ತು ಎಂಬುದೂ ಹಾಗೆಯೇ.

ಆಯ್ಕೆಯ ಬಗ್ಗೆ ತಕರಾರು

1995ರಲ್ಲಿ ಶುರುವಾದ ಈ ಸ್ಪರ್ಧೆಯಲ್ಲಿ ಈ ಅಕ್ಷರ ಐದು ಸಲ ಗೆದ್ದಿದೆ: 2000, 2012, 2016, 2021, 2024. ಐದೂ ಬೇಸಿಗೆ ಒಲಿಂಪಿಕ್ಸ್ ನಡೆದ ವರ್ಷಗಳು. ಪದಕ ಬಂದರೆ ಚಿನ್ನ ಎನ್ನುವುದಕ್ಕೆ ಮತದಾನವೇಕೆ ಎಂಬ ಗೊಣಗಾಟ ಪ್ರತಿ ಸಲ ಏಳುತ್ತದೆ. 2024ರಲ್ಲಿ ಬಿದ್ದ ಸುಮಾರು 2.2 ಲಕ್ಷ ಮತಗಳಲ್ಲಿ ಇದಕ್ಕೆ ಸಿಕ್ಕಿದ್ದು 12 ಸಾವಿರ ಚಿಲ್ಲರೆ, ನೂರಕ್ಕೆ ಐದೂವರೆ. ಇದನ್ನು ದೇಶದ ಮನಸ್ಸು ಎನ್ನುವುದು ದೊಡ್ಡ ಮಾತಾದೀತು. ಪರವಾಗಿ ಮಾತಾಡುವವರ ವಾದವೂ ಹುರುಳಿಲ್ಲದ್ದಲ್ಲ: ಹೆಮ್ಮೆಪಟ್ಟವರೂ ಸಿಟ್ಟಾದವರೂ ಒಂದೇ ಅಕ್ಷರಕ್ಕೆ ಮತ ಹಾಕಬಲ್ಲರು, ಎರಡನ್ನೂ ಒಟ್ಟಿಗೆ ಹೊರುವ ಶಕ್ತಿ ಬೇರೆ ಅಕ್ಷರಕ್ಕಿಲ್ಲ.

ಆದರೆ ಇಬ್ಬಗೆಯ ಓದಿಗೆ ಒಂದು ಅಡ್ಡಪರಿಣಾಮವಿದೆ. ಬೆಳಕು-ನೆರಳು ಎಂದು ವಿಂಗಡಿಸಿದ ಕೂಡಲೇ, ಬೆಳಕಿನ ಕಡೆ ಬಿದ್ದದ್ದರ ನೆರಳು ಮರೆಯಾಗುತ್ತದೆ. ಸಾದೊ ಗಣಿಯಲ್ಲಿ ಆದದ್ದು ಇದೇ.

ಸಾದೊ ದ್ವೀಪದ ಚಿನ್ನದ ಗಣಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2024ರ ಜುಲೈ 27ರಂದು, ನವದೆಹಲಿಯಲ್ಲಿ ನಡೆದ ಸಮಿತಿಯ ಅಧಿವೇಶನದಲ್ಲಿ. ಯಂತ್ರಗಳಿಲ್ಲದ ತೊಕುಗಾವಾ ಆಳ್ವಿಕೆಯ ಕಾಲದಲ್ಲಿ (17ರಿಂದ 19ನೇ ಶತಮಾನ) ಕೈಯಿಂದಲೇ ಚಿನ್ನ ತೆಗೆದು ಶೋಧಿಸುತ್ತಿದ್ದ ಕೌಶಲವನ್ನು ಮುಂದಿಟ್ಟು ಜಪಾನ್ ಅರ್ಜಿ ಹಾಕಿತ್ತು. ದಕ್ಷಿಣ ಕೊರಿಯಾದ ಆಕ್ಷೇಪ ಅನಂತರದ ಚರಿತ್ರೆಯದು: ಎರಡನೇ ಮಹಾಯುದ್ಧದ ಕಾಲದಲ್ಲಿ ಸುಮಾರು 1,500 ಕೊರಿಯನ್ನರನ್ನು ಅಲ್ಲಿ ದುಡಿಸಲಾಗಿತ್ತು. ಅವರ ಕಥೆಯನ್ನೂ ಅಲ್ಲೇ ತೋರಿಸುತ್ತೇವೆ, ವರ್ಷಕ್ಕೊಮ್ಮೆ ಸ್ಮರಣೆ ನಡೆಸುತ್ತೇವೆ ಎಂದು ಜಪಾನ್ ಮಾತು ಕೊಟ್ಟ ಮೇಲೆ ಕೊರಿಯಾ ಒಪ್ಪಿತು. ಮೊದಲ ಸ್ಮರಣಾ ಸಭೆ ನವೆಂಬರ್ 24ಕ್ಕೆ ನಿಗದಿಯಾಯಿತು. ಹಿಂದಿನ ದಿನ ಕೊರಿಯಾ ತಾನು ಬರುವುದಿಲ್ಲ ಎಂದಿತು. ದುಡಿದವರ ಕುಟುಂಬಗಳಿಗೆಂದು ಇಟ್ಟಿದ್ದ ಕುರ್ಚಿಗಳು ಖಾಲಿ ಉಳಿದವು. ಮರುದಿನ ಅದೇ ದ್ವೀಪದಲ್ಲಿ, ಕೊರಿಯನ್ ಕಾರ್ಮಿಕರು ಮಲಗುತ್ತಿದ್ದ ವಸತಿಯ ಜಾಗದಲ್ಲಿ, ಕೊರಿಯಾದವರು ತಮ್ಮದೇ ಸಭೆ ನಡೆಸಿದರು.

ಅದಾಗಿ ಹದಿನೇಳು ದಿನಗಳಿಗೆ ಕ್ಯೋಟೊದಲ್ಲಿ ಮೋರಿ ಕುಂಚ ಎತ್ತಿಕೊಂಡರು. ಸಾದೊ ಇದ್ದದ್ದು ಬೆಳಕಿನ ಪಟ್ಟಿಯಲ್ಲಿ.